ಅಸಿಸ್ಟೆಂಟರ ಮನೆ ಸೊಸೆ

“ಅತ್ತೇ…! ಅತ್ತೇ, ಬನ್ನಿ ಇಲ್ಲಿ…!”

ಹಜಾರದಿಂದ ಬಂದ ಆ ಕೂಗು ಅಡುಗೆಮನೆಯಲ್ಲಿದ್ದ ಕನಕಲಕ್ಷ್ಮಮ್ಮನಿಗೆ ಕೇಳಿಸಿತು. ಗಂಡನ ವೈಕುಂಠ ಸಮಾರಾಧನೆ ಮುಗಿದು ಒಂದೇ ದಿನವಾಗಿತ್ತು. ನೆಂಟರೆಲ್ಲ ಸಿಕ್ಕ ಬಸ್ಸು ಹಿಡಿದು ಹೊರಟುಹೋಗಿದ್ದರು. ಚಿಂತಾಮಣಿಯ ಆ ಮನೆಯಲ್ಲಿ ಉಳಿದವರು ಅತ್ತೆ, ಸೊಸೆ ಇಬ್ಬರೇ. ಅಳುವುದಕ್ಕೂ ತ್ರಾಣವಿಲ್ಲದ ಈ ಮನೆಗೆ ಇನ್ನೇನು ಬಂತಪ್ಪಾ ಹೊಸದು ಎಂದುಕೊಂಡು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಆಕೆ ಓಡಿಬಂದರು.

ಸೊಸೆ ಮಹತಿ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

“ಯೂನಿವರ್ಸಿಟಿಯಿಂದ ಮೇಲ್ ಬಂದಿದೆ ಅತ್ತೆ. ನಾನು ಅಸಿಸ್ಟೆಂಟ್‌ಷಿಪ್ ಬೇಡ ಅಂದಿದೀನಂತೆ! ಸ್ವಂತ ಖರ್ಚಲ್ಲೇ ಓದ್ತೀನಿ ಅಂತ ಟಿಕ್ ಹಾಕಿದೀನಂತೆ! ಹತ್ತು ದಿನದೊಳಗೆ ಮೊದಲನೇ ವರ್ಷದ ಫೀಸು ಕಟ್ಟಬೇಕು, ಇಲ್ದಿದ್ರೆ ಸೀಟು ಹೋಯ್ತು… ನಾಲ್ಕು ಲಕ್ಷ! ಎಲ್ಲಿಂದ ತರ್ಲಿ ನಾನು? ಯಾರು ಹಾಕಿದ್ದು ಅತ್ತೆ ಆ ಟಿಕ್ಕು? ಯಾರು…?”

ಯಾರು ಹಾಕಿದ್ದೆಂದು ಕನಕಲಕ್ಷ್ಮಮ್ಮನಿಗೆ ಗೊತ್ತಿತ್ತು. ಹಾಕಿದ ಕೈ ಹದಿನಾಲ್ಕು ದಿನದ ಹಿಂದೆ ಬೂದಿಯಾಗಿತ್ತು.

ಮೂರು ವರ್ಷದ ಹಿಂದೆ ಕೈವಾರದ ರಸ್ತೆಯಲ್ಲಿ ಲಾರಿಯೊಂದು ಈ ಮನೆಯ ಒಬ್ಬನೇ ಮಗ ಅಚ್ಯುತನನ್ನು ಕಿತ್ತುಕೊಂಡು ಹೋಯಿತು. ಮದುವೆಯಾಗಿ ಹದಿನೆಂಟು ತಿಂಗಳು. ಸೊಸೆಯನ್ನು ತವರಿಗೆ ಕಳಿಸಿಬಿಡಿ ಎಂದು ಬಂದವರೆಲ್ಲ ಹೇಳಿದರು. ಮಾವ ವೆಂಕಟೇಶಮೂರ್ತಿಗಳು ಮಾತ್ರ ಒಪ್ಪಲಿಲ್ಲ. “ಮಗ ಹೋದ. ಮಗಳನ್ನೂ ಕಳ್ಕೋಬೇಕಾ ನಾನು?” ಎಂದು ಅತ್ತೇಬಿಟ್ಟರು. ಅರ್ಧಕ್ಕೆ ನಿಂತಿದ್ದ ಅವಳ ಎಂ.ಎಸ್ಸಿ.ಯನ್ನು ಪೂರ್ತಿ ಮಾಡಿಸಿದವರು ಅವರೇ. ಶಿಡ್ಲಘಟ್ಟದ ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಸೇರಿದಾಗ, ದಿನಾ ಬೆಳಿಗ್ಗೆ ಬಸ್‌ ನಿಲ್ದಾಣದವರೆಗೂ ಅವಳ ಬ್ಯಾಗು ಹೊತ್ತು ನಡೆದವರೂ ಅವರೇ. ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಒಳ್ಳೆ ಅಂಕ ಬಂದು, ಹೊರರಾಜ್ಯದ ದೊಡ್ಡ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಸೀಟು ಸಿಕ್ಕ ದಿನ ಇಡೀ ಬೀದಿಗೆ ಮೈಸೂರುಪಾಕು ಹಂಚಿ ಬಂದಿದ್ದರು ಪುಣ್ಯಾತ್ಮರು!

“ಫೀಸೇ ಇಲ್ಲ ಅತ್ತೆ!” ಎಂದು ಮಹತಿ ಅವತ್ತು ಅಡುಗೆಮನೆಯಲ್ಲಿ ಕುಣಿದಿದ್ದಳು. “ಟೀಚಿಂಗ್ ಅಸಿಸ್ಟೆಂಟ್‌ಷಿಪ್ ಕೊಡ್ತಾರೆ. ಡಿಗ್ರಿ ಹುಡುಗರಿಗೆ ಲ್ಯಾಬ್ ಮಾಡಿಸ್ಬೇಕು, ಪೇಪರ್ ತಿದ್ಬೇಕು, ಅಷ್ಟೇ. ಅದಕ್ಕೆ ತಿಂಗಳು ತಿಂಗಳೂ ದುಡ್ಡು ಕೊಟ್ಟು ಅವರೇ ಓದಿಸ್ತಾರೆ. ನಿಮಗೂ ಒಂದಿಷ್ಟು ಕಳಿಸ್ತೀನಿ.”

“ನಿನ್ನ ದುಡ್ಡಿಗೆ ಯಾರೂ ಇಲ್ಲಿ ಬಾಯಿ ಬಿಟ್ಕೊಂಡು ಕೂತಿಲ್ಲ ಕಣೇ! ಗಂಡ ಸತ್ತು ಮೂರು ವರ್ಷ ಆಗ್ಲಿಲ್ಲ, ಊರು ಬಿಡೋಕೆ ಎಷ್ಟು ಆತುರ ನೋಡು! ಆ ಕಾಗದ ನನ್ನ ಮುಂದೆ ಹಿಡಿದ್ರೆ ಒಲೆಗೆ ಹಾಕ್ತೀನಿ, ಹುಷಾರ್!”

ಹಾಗಂದ ಬಾಯಿ ಎಂಥದ್ದೋ ಏನೋ! ಕನಕಲಕ್ಷ್ಮಮ್ಮನ ನಾಲಿಗೆಗೆ ಬೀದಿಯೇ ಹೆದರುತ್ತಿತ್ತು. ಆದರೆ ಆ ನಾಲಿಗೆಯ ಹಿಂದಿದ್ದದ್ದು ಬರೀ ಭಯ. ಬೆಳಿಗ್ಗೆ ‘ಹೋಗ್ಬರ್ತೀನಮ್ಮ’ ಎಂದು ಹೊರಟ ಮಗ ಬಂದಿರಲಿಲ್ಲ. ಇವಳೂ ಹೊರಟರೆ? ‘ಹೋಗಬೇಡ ಕಣಮ್ಮಾ, ನೀನಿಲ್ಲದೆ ನನಗೆ ಆಗಲ್ಲ’ ಎನ್ನುವ ಒಂದು ಮಾತು ಆಕೆಗೆ ಜನ್ಮದಲ್ಲಿ ಆಡಲು ಬರಲಿಲ್ಲ.

ಇನ್ನು ಆ ಅಸಿಸ್ಟೆಂಟ್ ಎಂಬ ಪದ. ಅದು ಈ ಮನೆಗೆ ಹೊಸದೇನಲ್ಲ. ಬೀದಿಯಲ್ಲಿ ಈ ಮನೆಗೆ ‘ಅಸಿಸ್ಟೆಂಟರ ಮನೆ’ ಎಂದೇ ಹೆಸರು. ವೆಂಕಟೇಶಮೂರ್ತಿಗಳು ಸರ್ಕಾರಿ ಕಚೇರಿಯೊಂದರಲ್ಲಿ ದ್ವಿತೀಯ ದರ್ಜೆ ಸಹಾಯಕರಾಗಿ ಸೇರಿ, ಕೂದಲೆಲ್ಲ ಬೆಳ್ಳಗಾದ ಮೇಲೆ ಪ್ರಥಮ ದರ್ಜೆಯಾಗಿ, ಅಲ್ಲೇ ನಿವೃತ್ತರಾದವರು. ಮೂವತ್ತಾರು ವರ್ಷ ಯಾರೂ ಅವರನ್ನು ಹೆಸರು ಹಿಡಿದು ಕರೆಯಲಿಲ್ಲ. ಒಳಗಿನಿಂದ ಬೆಲ್ಲು ಬಾರಿಸುವುದು, “ಅಸಿಸ್ಟೆಂಟ್!” ಎಂದು ಕೂಗುವುದು, ಇವರು ಎದ್ದು ಓಡುವುದು. ಒಮ್ಮೆ ಪುಟ್ಟ ಅಚ್ಯುತ ಊಟದ ಡಬ್ಬಿ ಕೊಡಲು ಹೋದಾಗ, ಮಗನ ಎದುರಿಗೇ ಸಾಹೇಬರು ಫೈಲನ್ನು ಮುಖಕ್ಕೆ ಎಸೆದಿದ್ದರಂತೆ. ಅವತ್ತು ಮನೆಗೆ ಬಂದವರು ಊಟ ಮಾಡಲಿಲ್ಲ.

ಅಂಥ ಮನುಷ್ಯನಿಗೆ ಇದ್ದ ಒಂದೇ ಹೆಮ್ಮೆ ಫಾರಂ ತುಂಬುವುದು. ಪಿಂಚಣಿ, ಪಡಿತರ, ಜಾತಿ ಪ್ರಮಾಣಪತ್ರ, ಏನಿದ್ದರೂ ಬೀದಿಯ ಜನ ಅವರ ಬಳಿಗೇ ಬರಬೇಕು. ಕಂಪ್ಯೂಟರಿನ ಫಾರಂ ಆದರೂ ಸರಿ, ಮೊದಲು ಕಾಗದದಲ್ಲಿ ಪ್ರಿಂಟು ತೆಗೆಸಿ, ಪೆನ್ಸಿಲಿನಲ್ಲಿ ತುಂಬುತ್ತಿದ್ದರು. ಅದನ್ನು ನೋಡಿಕೊಂಡು ಮೂಲೆ ಅಂಗಡಿಯ ಶೋಭಾರಾಣಿ ಟೈಪು ಮಾಡಬೇಕು. “ಮೂವತ್ತಾರು ವರ್ಷದಲ್ಲಿ ನಾನು ತುಂಬಿದ ಒಂದು ಫಾರಂ ವಾಪಸ್ ಬಂದಿಲ್ಲ” ಎನ್ನುವುದು ಅವರ ಮಾತು. ಹಾಗಾಗಿಯೇ ಒಪ್ಪಿಗೆ ಫಾರಂ ಕಳಿಸುವ ಕೊನೆಯ ದಿನ ಶಿಡ್ಲಘಟ್ಟದಲ್ಲಿ ಪರೀಕ್ಷೆಯ ಕೆಲಸ ಬಿದ್ದಾಗ ಮಹತಿ ಯೋಚಿಸಲೇ ಇಲ್ಲ. “ಎಲ್ಲಾ ನಿಮಗೇ ಬಿಟ್ಟಿದೀನಿ ಮಾವ” ಎಂದು ಪ್ರಿಂಟು, ಪಾಸ್‌ವರ್ಡು ಎರಡನ್ನೂ ಕೈಗಿಟ್ಟು ಬಸ್ಸು ಹತ್ತಿದ್ದಳು.

ಕಿಟಕಿಯ ಬಳಿ ಕೂತು ಎರಡನೆಯ ಪುಟ ತಿರುಗಿಸಿದ ಮೂರ್ತಿಗಳು ಒಮ್ಮೆಲೇ ಹೆಂಡತಿಯನ್ನು ಕರೆದರು.

“ಕನಕಾ, ನೋಡಿದ್ಯಾ ಇಲ್ಲಿ? ಟೀಚಿಂಗ್ ಅಸಿಸ್ಟೆಂಟ್ ಅಂತೆ! ನಮ್ಮ ಮಹತಿ ಅಸಿಸ್ಟೆಂಟ್ ಅಂತೆ ಕಣೇ! ನಮಗೆ ಭಾರ ಆಗ್ಬಾರ್ದು ಅಂತ ಆ ಮಗು ಇದಕ್ಕೂ ಒಪ್ಕೊಂಡ್ಬಿಟ್ಟಿದೆ… ಓದೋಕೆ ಹೋದ ಹುಡುಗಿ ಯಾವನದೋ ಬೆಲ್ಲಿಗೆ ಎದ್ದು ಓಡ್ಬೇಕಾ? ನಾನು ಪಟ್ಟಿದ್ದು ಸಾಲ್ದಾ? ನಾನೇನು ಸತ್ತಿದೀನಾ?”

“ಮತ್ತೆ ಫೀಸು?”

“ಕೆಳಗಡೆ ಇನ್ನೊಂದು ಚೌಕ ಇದೆ ನೋಡು. ನಮ್ಮ ಖರ್ಚು ನಾವೇ ನೋಡ್ಕೊಳ್ಳೋದು. ಇದಕ್ಕೇ ಟಿಕ್ಕು. ಬ್ಯಾಂಕಲ್ಲಿರೋ ಡಿಪಾಸಿಟ್ ಮುರಿಸಿ ಕಟ್ಟಿಬಿಡ್ತೀನಿ. ಅವಳಿಗೆ ಹೇಳ್ಬೇಡ ಮತ್ತೆ! ಹೇಳಿದ್ರೆ ಬೇಡ ಅಂತಾಳೆ. ರಸೀದಿ ಕೈಗೆ ಕೊಟ್ಟಾಗ ಅವಳ ಮುಖ ನೋಡ್ಬೇಕು ನಾನು!”

‘ಅಯ್ಯೋ, ಅವಳು ಅದೇ ಬೇಕು ಅಂತಿದ್ದಳಲ್ರೀ’ ಎನ್ನುವ ಮಾತು ಕನಕಲಕ್ಷ್ಮಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಖಂಡಿತ ಬಂದಿತ್ತು! ಅಸಿಸ್ಟೆಂಟ್‌ಷಿಪ್ ಅಸಿಸ್ಟೆಂಟ್‌ಷಿಪ್ ಎಂದು ಸೊಸೆ ಒಂದು ವಾರ ಅಡುಗೆಮನೆಯಲ್ಲಿ ಜಪ ಮಾಡಿದ್ದು ಆಕೆಯ ಕಿವಿಗೇ ಅಲ್ಲವೇ? ಆದರೆ ಮನಸ್ಸಿನ ಮೂಲೆಯಲ್ಲಿ ಏನೋ ಒಂದು ಮಿಸುಕಾಡಿತು. ಫೀಸು ಕಟ್ಟುವುದು ಕಷ್ಟವಾದರೆ ಹುಡುಗಿ ಹೋಗುವುದೇ ಇಲ್ಲವೇನೋ… ಊರಿಗೆಲ್ಲ ಕೇಳುವಂತೆ ಬಯ್ಯುವ ಹೆಂಗಸು ಆ ಒಂದು ಮಾತನ್ನು ಮಾತ್ರ ನುಂಗಿಕೊಂಡರು. ಮೂರ್ತಿಗಳು ಕೆಳಗಿನ ಚೌಕಕ್ಕೆ ಗುರುತು ಹಾಕಿ, ಪಕ್ಕದಲ್ಲಿ ದುಂಡಗೆ ‘ಇದನ್ನೇ ಹಾಕಿ — ವೆಂ.ಮೂ.’ ಎಂದು ಬರೆದು, ಶೋಭಾರಾಣಿಯ ಅಂಗಡಿಗೆ ಹೊರಟರು.

ಹತ್ತು ದಿನ ಕಳೆದು, ಡಿಪಾಸಿಟ್ ಮುರಿಸಿ ಬಂದ ಮಧ್ಯಾಹ್ನವೇ ಅವರಿಗೆ ಎದೆನೋವು ಬಂತು. ಬೆಂಗಳೂರಿನ ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದರು. ಸೊಸೆಯ ಓದಿಗೆಂದು ತಂದ ಹಣವೆಲ್ಲ ಅಲ್ಲೇ ಕರಗಿತು, ಅವರೂ ಉಳಿಯಲಿಲ್ಲ. ಕೊನೆಯವರೆಗೂ ಹೆಂಡತಿಯ ಕೈ ಹಿಡಿದು, “ಮಗುಗೆ ಹೇಳ್ಬೇಡ, ಮಗುಗೆ ಹೇಳ್ಬೇಡ” ಎನ್ನುತ್ತಲೇ ಇದ್ದರು.

ಹಜಾರದಲ್ಲಿ ಮಹತಿ ಈಗ ಕಣ್ಣೊರೆಸಿಕೊಂಡು ಚಪ್ಪಲಿ ಮೆಟ್ಟುತ್ತಿದ್ದಳು.

“ಶೋಭಾರಾಣಿಯಕ್ಕನೇ ಟೈಪ್ ಮಾಡೋವಾಗ ಎಡವಟ್ಟು ಮಾಡಿರ್ತಾರೆ. ಕರ್ಕೊಂಡೇ ಬರ್ತೀನಿ. ಮಾವನ ಪೆನ್ಸಿಲ್ ಕಾಪಿ ಫೈಲಲ್ಲಿ ಇರತ್ತೆ, ಅವರು ಸರಿಯಾಗೇ ಹಾಕಿರ್ತಾರೆ. ಅದನ್ನ ತೋರ್ಸಿದ್ರೆ ಯೂನಿವರ್ಸಿಟಿಯವರು ಒಪ್ಪಬಹುದು. ಮಾವ ತಪ್ಪು ಮಾಡೋರಲ್ಲ ಅತ್ತೆ, ನನ್ನ ವಿಷಯದಲ್ಲಂತೂ ಮಾಡೋರಲ್ಲ.”

ಅವಳು ಗೇಟು ದಾಟಿದ್ದೇ ತಡ, ಕನಕಲಕ್ಷ್ಮಮ್ಮ ಸೊಂಟದ ಕೀಲಿಯಿಂದ ಬೀರು ತೆಗೆದರು. ಫೈಲಿನ ಮೇಲೆಯೇ ಇತ್ತು ಆ ಕಾಗದ. ಗಂಡನ ದುಂಡನೆಯ ಅಕ್ಷರ ಕಂಡು ಕಣ್ಣು ಮಂಜಾಯಿತು. ಇದನ್ನು ನೋಡಿದರೆ ಆ ಹುಡುಗಿಯ ಗತಿಯೇನು? ಗಂಡ ಹೋದ ಮೇಲೆ ಅವಳನ್ನು ಬದುಕಿಸಿದ್ದೇ ಮಾವ ಎಂಬ ಒಂದು ಹೆಸರು. ಆ ಹೆಸರೇ ಅವಳ ಬಾಳಿಗೆ ಕಲ್ಲು ಹಾಕಿತು ಎಂದು ತಿಳಿದರೆ ಇನ್ನು ಯಾರನ್ನು ನಂಬಿ ಬದುಕಿಯಾಳು? ಆಕೆ ಹೆಚ್ಚು ಯೋಚಿಸಲಿಲ್ಲ. ನೇರವಾಗಿ ಬಚ್ಚಲಿಗೆ ಹೋಗಿ, ನೀರು ಕಾಯುತ್ತಿದ್ದ ಹಂಡೆಯ ಒಲೆಗೆ ಕಾಗದ ತುರುಕಿದರು.

“ಅತ್ತೆ!”

ಮೊಬೈಲು ಮರೆತು ಹಿಂದಿರುಗಿದ್ದ ಮಹತಿ ಬಚ್ಚಲ ಬಾಗಿಲಲ್ಲಿ ನಿಂತಿದ್ದಳು. ಒಲೆಯೊಳಗೆ ವಿಶ್ವವಿದ್ಯಾಲಯದ ಮುದ್ರೆ ಅರ್ಧ ಉರಿದು ಸುರುಳಿ ಸುತ್ತುತ್ತಿತ್ತು.

“ನೀವಾ…? ಅತ್ತೆ, ನೀವಾ…?”

“ಹೌದು ಕಣೇ, ನಾನೇ!” ಕನಕಲಕ್ಷ್ಮಮ್ಮ ಒಲೆಗೆ ಅಡ್ಡವಾಗಿ ನಿಂತರು. “ಅವರು ಸ್ನಾನಕ್ಕೆ ಹೋದಾಗ ಮೇಲಿನ ಚೌಕದ್ದು ಅಳಿಸಿ ಕೆಳಗಿನದಕ್ಕೆ ಹಾಕಿದೆ. ಪಾಪ, ಅವರು ಮತ್ತೆ ನೋಡ್ಲಿಲ್ಲ. ಏನ್ ಮಾಡ್ತೀಯೋ ಮಾಡ್ಕೋ!”

ಮಹತಿ ಅಲ್ಲೇ ಕುಸಿದು ಕೂತಳು. “ಬಯ್ತಿದ್ರಿ, ಸಹಿಸ್ಕೊಂಡೆ. ನಿನ್ನ ಕಾಲ್ಗುಣದಿಂದ ಮಗ ಹೋದ ಅಂದ್ರಿ, ಅದನ್ನೂ ಸಹಿಸ್ಕೊಂಡೆ… ನಾನೇನು ಕೇಳಿದ್ದೆ ನಿಮ್ಮನ್ನ? ಒಂದು ರೂಪಾಯಿ ಕೇಳಿದ್ನಾ? ದುಡಿದು ಓದ್ತೀನಿ ಅಂದೆ! ಅದೂ ನಿಮ್ಮ ಕಣ್ಣಿಗೆ ಚುಚ್ಚಿತಾ…? ಕಾಲೇಜಲ್ಲಿ ಬಿಡ್ತೀನಿ ಅಂತ ಬರ್ಕೊಟ್ಟು ಬಂದಿದೀನಿ, ನನ್ನ ಜಾಗಕ್ಕೆ ಬೇರೆಯವರು ಬಂದಾಗಿದೆ. ಆ ಪರೀಕ್ಷೆ ಅಂಕ ನಡೆಯೋದೂ ಈ ವರ್ಷಕ್ಕೇ ಮುಗೀತು. ಎಲ್ಲಾ ಕಡೆಯಿಂದ ಬಾಗಿಲು ಮುಚ್ಚಿದ್ರಲ್ಲ ಅತ್ತೆ…!”

ಆ ಅಳು ಕೇಳಿ ಕನಕಲಕ್ಷ್ಮಮ್ಮ ಬಗ್ಗಿದರು. ತಲೆ ನೇವರಿಸಲು ಚಾಚಿದ ಕೈಯನ್ನು ಮಹತಿ ತಳ್ಳಿಬಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಅವಳೇ ಎದ್ದು, ಒಂದು ಹಾಳೆ, ಒಂದು ಪೆನ್ನು ತಂದು ಅತ್ತೆಯ ಮುಂದಿಟ್ಟಳು.

“ಬರೀರಿ. ನಾನು ಮಾಡಿದ್ದಲ್ಲ, ನೀವು ಮಾಡಿದ್ದು ಅಂತ ನಿಮ್ಮ ಕೈಯಲ್ಲೇ ಬರೀರಿ. ಇಂಗ್ಲಿಷಿಗೆ ನಾನು ಹಾಕ್ಕೋತೀನಿ.”

ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಹೆಂಗಸು ನೆಲದ ಮೇಲೆ ಕೂತು, ಒಂದೊಂದೇ ಅಕ್ಷರ ಕೂಡಿಸಿ ಬರೆದರು. ಕನಕಲಕ್ಷ್ಮಿಯಾದ ನಾನು ನನ್ನ ಸೊಸೆಯ ಫಾರಂನ್ನು ಅವಳಿಗೆ ತಿಳಿಯದಂತೆ ತಿದ್ದಿದ್ದೇನೆ…

“ಯಾಕೆ ಅಂತಾನೂ ಬರೀರಿ. ಕಾರಣ ಬೇಕು ಅವರಿಗೆ. ಅಸೂಯೆಯಿಂದ ಅಂತ ಬರೀರಿ.”

ಪೆನ್ನು ನಿಂತಿತು. ಅಲ್ಲಿಯವರೆಗೆ ಬರೆದದ್ದೆಲ್ಲ ಸುಳ್ಳು. ಆದರೆ ಈ ಮಾತು? ಅವತ್ತು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದ್ದು ಯಾಕೆ? ಕಿಟಕಿಯ ಬಳಿ ಬಾಯಿ ಬಿಟ್ಟಿದ್ದರೆ ಮೂರ್ತಿಗಳು ಆ ಪೆನ್ಸಿಲನ್ನು ಮೇಲಿನ ಚೌಕಕ್ಕೆ ಒಯ್ಯುತ್ತಿರಲಿಲ್ಲವೇ? ಕನಕಲಕ್ಷ್ಮಮ್ಮನ ಕಣ್ಣಿಂದ ಎರಡು ಹನಿ ಹಾಳೆಯ ಮೇಲೆ ಬಿದ್ದವು. “ಅಸೂಯೆಗೆ ‘ಸ’ನಾ, ‘ಶ’ನಾ?” ಎಂದು ಕೇಳಿ, ಸೊಸೆ ಹೇಳಿದಂತೆ ಬರೆದು, ಕೆಳಗೆ ಸಹಿ ಹಾಕಿದರು.

ಉತ್ತರ ಬರಲು ಆರು ದಿನ ಹಿಡಿಯಿತು. ಸಭ್ಯವಾದ ಉತ್ತರವೇ. ಆಗಿದ್ದಕ್ಕೆ ವಿಷಾದವಿದೆ, ಆದರೆ ಅಸಿಸ್ಟೆಂಟ್‌ಷಿಪ್ ಸ್ಥಾನಗಳನ್ನೆಲ್ಲ ಕಾಯುವ ಪಟ್ಟಿಯಲ್ಲಿದ್ದವರಿಗೆ ಕೊಟ್ಟಾಗಿದೆ, ಹೊಸದಾಗಿ ಪರೀಕ್ಷೆ ಬರೆದು ಮುಂದೆ ಅರ್ಜಿ ಹಾಕಬಹುದು. ಮಹತಿ ಅದನ್ನು ಎರಡು ಸಲ ಓದಿದಳು. ಅಳಲಿಲ್ಲ. ಗೌರಿಬಿದನೂರಿನಲ್ಲಿದ್ದ ಅಣ್ಣನಿಗೆ ಫೋನು ಮಾಡಿ, “ಬರ್ತೀನಿ ಕಣಣ್ಣ” ಎಂದಷ್ಟೇ ಹೇಳಿದಳು. ಅಲ್ಲಿ ಅತ್ತಿಗೆಯ ಮನೆಕೆಲಸದ ನಡುವೆ ಓದು ಹೇಗೆ, ಪರೀಕ್ಷೆ ಎಲ್ಲಿ ಎಂಬುದು ಅವಳಿಗೂ ಗೊತ್ತಿತ್ತು, ಕೇಳಿಸಿಕೊಳ್ಳುತ್ತಿದ್ದ ಅತ್ತೆಗೂ ಗೊತ್ತಿತ್ತು.

ಹೊರಡುವ ಬೆಳಿಗ್ಗೆ ಆಟೊ ಗೇಟಿನ ಬಳಿ ನಿಂತಿತು. ಮಹತಿ ಮಾವನ ಫೋಟೋ ಮುಂದೆ ಉದ್ದಕ್ಕೆ ನಮಸ್ಕಾರ ಮಾಡಿ, ಬಹಳ ಹೊತ್ತು ಏಳಲೇ ಇಲ್ಲ. ಎದ್ದವಳು ಅತ್ತೆಯ ಕಾಲಿಗೆ ಬೀಳಲಿಲ್ಲ. ಕನಕಲಕ್ಷ್ಮಮ್ಮ ಬುತ್ತಿ ಕಟ್ಟಿದ್ದ ಡಬ್ಬಿಯನ್ನು ಹಿಡಿದು ಬಾಗಿಲಲ್ಲೇ ನಿಂತಿದ್ದರು. ಒಂದು ಮಾತು… ಒಂದೇ ಒಂದು ಮಾತು ಆಡಿದರೆ ಈ ಹುಡುಗಿ ತನ್ನನ್ನು ತಬ್ಬಿಕೊಂಡು ಅತ್ತುಬಿಡುತ್ತಾಳೆ. ಆಕೆ ಡಬ್ಬಿಯನ್ನು ಮುಂದಕ್ಕೆ ಚಾಚಿದರು.

“ಡಬ್ಬಿ ಬೇಡ” ಎಂದಳು ಮಹತಿ. ಮೆಟ್ಟಿಲಿಳಿದವಳು ತಿರುಗಿ ನಿಂತಳು. ಕಣ್ಣು ಕೆಂಪಾಗಿತ್ತು. “ಒಂದು ಮಾತು ಹೇಳಿ ಹೋಗ್ತೀನಿ ಅತ್ತೆ. ಇಷ್ಟು ವರ್ಷ ಒಂದೇ ಮನೇಲಿದ್ರೂ, ಮಾವ ನನಗೋಸ್ಕರ ಏನು ಮಾಡಿದ್ರು ಅಂತ ನಿಮಗೆ ಗೊತ್ತೇ ಆಗ್ಲಿಲ್ಲ.”

“ಗೊತ್ತು ಕಣಮ್ಮ” ಎಂದರು ಕನಕಲಕ್ಷ್ಮಮ್ಮ.

ಮಹತಿ ಆಟೊ ಹತ್ತಿದಳು.