ಎದೆ ಒತ್ತುವ ಡಾಕ್ಟರು

ತಾಂಡೂರಿನ ಹಾಸುಗಲ್ಲಿನ ಗಣಿಯಲ್ಲಿ ಹದಿನೆಂಟು ವರ್ಷ ಧೂಳು ಕುಡಿದವನು ಮಾಣಿಕಪ್ಪ. ಗಣಿ ಮಾತ್ರ ಮಕ್ಕಳಿಲ್ಲದ ಕಾಕಾ ವೀರಪ್ಪನದು; ಅವನ ನಂತರ ಅದು ಮಾಣಿಕಪ್ಪನಿಗೆ ಎಂದು ಉಯಿಲು ಆಗಿತ್ತು. ಎಮರ್ಜೆನ್ಸಿ ಮುಗಿದ ವರ್ಷ ಎದೆನೋವೆಂದು ಆಸ್ಪತ್ರೆ ಸೇರಿದ ಮುದುಕ, ಮನೆಗೆ ಹೋದ ಕೂಡಲೇ ಗಣಿಯನ್ನು ಹೆಂಡತಿಯ ತಮ್ಮನ ಹೆಸರಿಗೆ ಮಾಡುವುದಾಗಿ ಮಂಚದ ಮೇಲಿಂದಲೇ ಹೇಳಿದ. ಅದೂ ಮಾಣಿಕಪ್ಪ ಸುಲಿದುಕೊಟ್ಟ ಮೋಸಂಬಿ ತಿನ್ನುತ್ತ. ಮಾಣಿಕಪ್ಪ ಸಿಪ್ಪೆ ಎತ್ತಿ ಎಸೆಯುತ್ತ ಅಂದುಕೊಂಡ: ಕಾಕಾ ಮನೆಗೆ ಹೋಗಕೂಡದು.

ದಾರಿ ತೋರಿಸಿದವಳು ಅದೇ ಕೋಣೆಯ ಇನ್ನೊಂದು ಮಂಚದಲ್ಲಿದ್ದ ಪೆದ್ದೆಮುಲ್ಲಿನ ಮುದುಕಿ ಬಂಡಮ್ಮ. ಸತ್ತು ತೋರಿಸಿದಳು. ಅವಳ ಹೃದಯ ನಿಂತಾಗ ಡಾಕ್ಟರ್ ಅಂಜಪ್ಪ ಮಂಚವೇರಿ ಎರಡೂ ಕೈಯಿಂದ ಎದೆ ಒತ್ತಿದರು. ಎಲುಬು ಲಟಲಟ ಮುರಿದವು. ಬಂಡಮ್ಮ ಏಳಲಿಲ್ಲ.

“ಈ ವಯಸ್ಸಿನ್ಯಾಗ ಹೃದಯ ನಿಂತರ ತಿರುಗಿ ಬರೋರು ಭಾಳ ಕಮ್ಮಿರಿ. ಎಲುಬು ಮಾತ್ರ ಮುರೀತಾವ,” ಎಂದರು ಡಾಕ್ಟರು, ಕೈ ತೊಳೆಯುತ್ತ. ಬಂಡಮ್ಮನ ಮಕ್ಕಳು ಕೈಮುಗಿದು ಹೆಣ ಒಯ್ದರು. ಯಾರೂ ಏನೂ ಕೇಳಲಿಲ್ಲ.

ಮಾಣಿಕಪ್ಪನಿಗೆ ಇದು ಬಹಳ ಹಿಡಿಸಿತು. ಮುಖಕ್ಕೆ ದಿಂಬು, ಎದೆಗೆ ಮೊಣಕಾಲು. ಎಲುಬು ಮುರಿದರೂ ಹೆಸರು ಡಾಕ್ಟರದು. ಅವರು ಬಂದು ಒತ್ತುತ್ತಾರೆ, ಸೋಲುತ್ತಾರೆ, ಕೊನೆಗೆ ಸಮಾಧಾನವನ್ನೂ ಅವರೇ ಹೇಳುತ್ತಾರೆ. ಇಷ್ಟು ಓದಿದವರು ತನ್ನ ಕೆಲಸಕ್ಕೆ ಪುಕ್ಕಟೆ ಒದಗುವುದನ್ನು ನೆನೆದು ಅವನಿಗೆ ಅವರ ಮೇಲೆ ಅಭಿಮಾನವೇ ಹುಟ್ಟಿತು.

ಮರುದಿನ ಮಧ್ಯಾಹ್ನ, ಬಂಡಮ್ಮನ ಮಂಚ ಇನ್ನೂ ಖಾಲಿ ಇತ್ತು. ವೀರಪ್ಪನ ಹೆಂಡತಿ ಕಾಂತಾಬಾಯಿ ಬುತ್ತಿಯ ಡಬ್ಬಿ ತೊಳೆಯಲು ನಲ್ಲಿಗೆ ಹೋದಳು. ಅವಳು ಬರುವುದರೊಳಗೆ ಕೆಲಸ ಮುಗಿಯಿತು. ಮಾಣಿಕಪ್ಪ ದಿಂಬನ್ನು ಕಾಕಾನ ತಲೆಯಡಿ ಇಟ್ಟು, ಹೊದಿಕೆ ಸರಿಮಾಡಿ, ಹೊರಗೋಡಿ ಕೂಗಿದ.

“ಡಾಕ್ಟರ್ ಸಾಹೇಬ್ರ, ಲಗೂ ಬರ್ರಿ! ಕಾಕಾಂದು ಉಸರು ನಿಂತದ!”

ಡಾಕ್ಟರು ನಾಡಿ ಹಿಡಿದರು, ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದರು, ತಲೆಯಾಡಿಸಿದರು.

“ಎದಿ ಒತ್ರಿ! ಬಂಡಮ್ಮಗ ಒತ್ತಿದಂಗ ಒತ್ರಿ. ನಿಮ್ಮ ಕಾಲಿಗಿ ಬೀಳ್ತೀನಿ,” ಎಂದ ಮಾಣಿಕಪ್ಪ. ನಿಜಕ್ಕೂ ಬಿದ್ದ.

“ಬ್ಯಾಡ್ರಿ,” ಡಾಕ್ಟರು ಅವನನ್ನು ಎಬ್ಬಿಸಿದರು. “ಬಂಡಮ್ಮ ಹೋದ ದಿನಾನೇ ಅದು ಬಿಟ್ಟೀನಿ. ಬರಂಗಿಲ್ಲಂತ ಗೊತ್ತಿದ್ದೂ ಮುದುಕರಿಗಿ ಯಾಕ ಹಿಂಸಾ ಕೊಡಬೇಕು?” ಓಡಿಬಂದ ಕಾಂತಾಬಾಯಿ ಅಳುತ್ತಲೇ, ಮೈ ಬಿಗಿಯುವ ಮೊದಲು ಗಂಡನನ್ನು ಕೂರಿಸಬೇಕೆಂದಳು, ಲಿಂಗವಂತರು ಮಣ್ಣಿಗೆ ಹೋಗುವುದು ಕೂತೇ. ಡಾಕ್ಟರು ಹಿಂದಿನಿಂದ ಕಂಕುಳಿಗೆ ಕೈಹಾಕಿ ಮುದುಕನನ್ನು ಅಪ್ಪಿ ಎತ್ತಿದರು. ಎದೆಯೊಳಗೆ ಲಟಕ್ ಎಂದಿತು. ಅವರು ಅಂಗೈಯನ್ನು ಪಕ್ಕೆಲುಬುಗಳ ಮೇಲೆ ನಿಧಾನವಾಗಿ ಸರಿಸಿ ನೋಡಿ, ಮಾಣಿಕಪ್ಪನ ಕಡೆ ತಿರುಗಿದರು. “ನಾ ಒತ್ತೇ ಇಲ್ಲಲ್ರಿ,” ಎಂದರು. “ಇವರ ಎಲುಬು ಯಾರು ಮುರದ್ರು?”