ಬಿಳಿ ಬಾನೆಟ್ಟು

ಇದನ್ನು ನಂಬಿ ಎಂದು ನಾನು ಯಾರ ಕಾಲನ್ನೂ ಹಿಡಿಯುವುದಿಲ್ಲ. ರೆಗ್ಗಾನ್ ಊರು ದಾಟಿದ ಮೇಲೆ ಮರುಭೂಮಿಯ ಬಿರುಗಾಳಿಗೆ ನಮ್ಮ ಟ್ರಕ್ಕಿನ ಬಾನೆಟ್ಟು ಹಾರಿಹೋಯಿತು. ಇದ್ದದ್ದು ನಾನು, ಜೆಲ್ಲೂಲ್ ಕಾಕಾ ಇಬ್ಬರೇ. ಮರುದಿನ ಬೆಳಿಗ್ಗೆ, ಬಾಗಿಲ ಹಿಡಿಯವರೆಗೂ ಮರಳಲ್ಲಿ ಹೂತಿದ್ದ ಹಳೇ ಟ್ರಕ್ಕೊಂದರ ಬಾನೆಟ್ಟು ಬಿಚ್ಚಿ ನಮ್ಮದಕ್ಕೆ ಕೂರಿಸಿಕೊಂಡೆವು. ಆ ಹಳೇ ಟ್ರಕ್ಕಿನ ಮುಂದಿನ ಗಾಜಿನಲ್ಲಿ ಇಣುಕಿದ್ದೆ; ಖಾಲಿ ಸೀಟು ಸ್ಪಷ್ಟವಾಗಿ ಕಾಣುತ್ತಿತ್ತು.

ಬಾನೆಟ್ಟು ಅಚ್ಚ ಬಿಳಿ. ಪೂರ್ವಕ್ಕೆ ಹೊರಟಿದ್ದೆವು, ಎದುರು ಬಿಸಿಲು ಅದಕ್ಕೆ ಬಡಿದು ಕಣ್ಣು ಕುಕ್ಕುತ್ತಿತ್ತು. ಚಹಾ ಪಾತ್ರೆಯ ತಳದ ಮಸಿಯನ್ನು ಎಂಜಿನ್ ಎಣ್ಣೆಯಲ್ಲಿ ಕಲಸಿ ಅಂಗೈಯಿಂದ ಬಳಿದೆ. ಹೊಳಪು ಹೋಯಿತು.

ಮಧ್ಯಾಹ್ನ ಕಳೆದು ಸೂರ್ಯ ನಮ್ಮ ಬೆನ್ನಿಗೆ ಬಂದ. ಆಗ ಓಡಿಸುತ್ತಿದ್ದ ಕಾಕಾ ಕಣ್ಣಿಗೆ ಕೈ ಅಡ್ಡ ಹಿಡಿದರು.

"ಮಸಿ ಬಳಿಯೋಕೂ ಬರಲ್ವೇನೋ ಮಬ್ರೂಕ್? ಕಣ್ಣಿಗೆ ಹೊಡೀತಿದೆ!"

"ಬಿಸಿಲು ಹಿಂದಿದೆ ಕಾಕಾ. ಬಾನೆಟ್ಟು ಕಪ್ಪಗೇ ಇದೆ."

ನನ್ನ ಕಣ್ಣಿಗೇನೂ ಹೊಡೆಯಲಿಲ್ಲ. ಅವರ ಮುಖದ ಮೇಲೆ ಮಾತ್ರ ಬಿಳಿ ಬೆಳಕು ಕುಣಿಯುತ್ತಿತ್ತು. ಟ್ರಕ್ಕು ದಾರಿ ಬಿಟ್ಟು ವಾಲಿತು. ನಾನೇ ಸ್ಟೀರಿಂಗ್ ಎಳೆದು ನಿಲ್ಲಿಸಿದೆ. ಇಳಿದು ಮುಟ್ಟಿದರೆ, ಕುದಿಯುವ ಎಂಜಿನ್ನಿನ ಮೇಲೆ ಬಾನೆಟ್ಟು ತಣ್ಣಗಿತ್ತು.

"ನೀರಿಟ್ಟು ಬಂದ್ಯಾ?" ಕಾಕಾ ಕೇಳಿದರು. ಸತ್ತ ಗಾಡಿಯಿಂದ ಏನು ತೆಗೆದರೂ ಅದರ ಚಾಲಕನಿಗೆಂದು ಅಲ್ಲಿ ಒಂದು ಬಾಟಲಿ ನೀರಿಡುವುದು ನಮ್ಮ ಟ್ರಕ್ಕಿನವರ ಪದ್ಧತಿ.

"ನೀವಿಟ್ರಿ ಅಂದ್ಕೊಂಡೆ."

"ನಿನ್ನ ಮನೆ ಹಾಳಾಗ! ತಿರುಗಿಸು ಗಾಡಿ."

ಬೆಳಕಿರುವಾಗಲೇ ತಲುಪಿ, ಬಾನೆಟ್ಟನ್ನು ಆ ಹಳೇ ಟ್ರಕ್ಕಿಗೇ ಕೂರಿಸಿ ನೀರಿಟ್ಟೆವು. ಬಾಗಿಲ ಮರಳು ಕದಲಿರಲಿಲ್ಲ. ಆದರೆ ಒಳಗಿನ ಸೀಟು ಈಗ ಕಾಣಲಿಲ್ಲ. ಮುಂದಿನ ಗಾಜಿಗೆ ಒಳಗಡೆಯಿಂದ ಯಾರೋ ಅಂಗೈಯಲ್ಲಿ ಮಸಿ ಬಳಿದಿದ್ದರು. ಅದು ಇನ್ನೂ ಹಸಿಯಾಗಿ ಕೆಳಕ್ಕೆ ಇಳಿಯುತ್ತಿತ್ತು.