ಹಡಗಿನಲ್ಲಿ ಬಂದ ಎಫ್

"ಹತ್ತಿರ ಬಂದ್ರೆ ಕೈ ಬಿಡ್ತೀನಿ!"

ನಾಲ್ಕನೇ ಮಹಡಿಯ ತಾರಸಿ. ಮೋಟುಗೋಡೆಯಾಚೆ ಅರ್ಧ ಬಾಗಿದ್ದವನು ಟೈಲರ್. ಅವನ ಕಾಲರ್ ಹಿಡಿದಿದ್ದವನು ನನ್ನ ಗಿರಾಕಿ... ಹಡಗಿನ ಇಂಜಿನಿಯರ್!

ಟೈಲರನನ್ನು ಅವನ ಅಂಗಡಿಯಿಂದ ಮೂರು ಬೀದಿ ಅಟ್ಟಿಸಿಕೊಂಡು ಬಂದಿದ್ದ. ಹಿಂದೆ ನಾನು. ವಯಸ್ಸಾಯಿತು ನೋಡಿ, ಮಂಡಿ ಮಾತು ಕೇಳುವುದಿಲ್ಲ.

ವಿಷಯ ಇಷ್ಟೇ. ಇಂಜಿನಿಯರನ ಹೆಂಡತಿಗೆ ಎಚ್‌ಐವಿ. ಟೈಲರ್ ತಿಂಗಳಿಗೊಮ್ಮೆ ಅವಳ ಕೈಗೆ ಪೊಟ್ಟಣ ಕೊಡುವುದನ್ನು ಇವನು ಕಿಟಕಿಯಿಂದ ನೋಡಿದ್ದ. ಪೊಟ್ಟಣಕ್ಕಿಂತ ಅವಳ ನಗು ಇವನನ್ನು ಸುಟ್ಟಿತ್ತು. "ಕಾಯಿಲೆ ತಂದ ಗಂಡಸು ಯಾರು, ಪತ್ತೆ ಮಾಡಿ" ಎಂದು ಪತ್ತೇದಾರನಾದ ನನ್ನಲ್ಲಿಗೆ ಬಂದಿದ್ದ.

"ಇವನಿಗೂ ಅದೇ ಕಾಯಿಲೆ ಇದೆ! ಇನ್ನೇನ್ರೀ ಸಾಕ್ಷಿ ಬೇಕು?" ಇಂಜಿನಿಯರ್ ಕಿರುಚಿದ.

"ಪೊಟ್ಟಣದಲ್ಲಿದ್ದದ್ದು ಮಾತ್ರೆ ಸ್ವಾಮಿ! ಕ್ಲಿನಿಕ್ ಸಾಲಿನಲ್ಲಿ ಪರಿಚಯ. ನಿಮ್ಮ ಮನೆಯವರಿಗೆ ನಿಂತುಕೊಳ್ಳೋಕೆ ಆಗಲ್ಲ ಅಂತ ಇವನೇ ತಂದುಕೊಡ್ತಾನೆ."

"ಬರೀ ಕತೆ!"

ಜೇಬಿನಿಂದ ರಕ್ತಪರೀಕ್ಷೆಯ ಮೂರು ಲಕೋಟೆ ತೆಗೆದೆ. ಎರಡನ್ನು ಟೈಲರ್ ಮತ್ತು ಆ ಹೆಣ್ಣುಮಗಳು ತಾವಾಗಿಯೇ ಕೊಟ್ಟಿದ್ದರು. ಮೂರನೆಯದು ಇಂಜಿನಿಯರನದು. "ನನ್ನದೂ ನೋಡಿ, ನಾನು ಶುದ್ಧ" ಎಂದು ಎದೆ ತಟ್ಟಿ ರಕ್ತ ಕೊಟ್ಟಿದ್ದ. ರಿಪೋರ್ಟ್ ನೀವೇ ಒಡೆದು ಓದಿ ಎಂದು ಚೀಟಿಯನ್ನೂ ಬರೆದುಕೊಟ್ಟಿದ್ದ.

"ಈ ವೈರಸ್‌ನಲ್ಲೂ ಬಗೆಗಳಿವೆ ಅಂತಾರೆ ಕ್ಲಿನಿಕ್ ಡಾಕ್ಟರಮ್ಮ. ಟೈಲರ್‌ದು ಸಿ. ಈ ಊರಲ್ಲಿ ಹೆಚ್ಚಿನವರದ್ದು ಅದೇ. ನಿಮ್ಮ ಮನೆಯವರದ್ದು ಎಫ್! ಅದು ಇವನಿಂದ ಬಂದದ್ದಲ್ಲ."

"ಮತ್ತೆ... ಯಾರಿಂದ?"

"ಎಫ್ ಇಲ್ಲಿ ತುಂಬಾ ಅಪರೂಪ. ಹಡಗು ರಿಪೇರಿ ಅಂತ ನೀವು ಎರಡು ವರ್ಷ ಇದ್ರಲ್ಲ, ಆ ವಿದೇಶಿ ಬಂದರಿನಲ್ಲಿ ಮಾಮೂಲು. ನಿಮ್ಮ ಮನೆಯವರು ಪಾಸ್‌ಪೋರ್ಟ್ ಕೂಡ ಮಾಡಿಸಿಲ್ಲ."

ಮೂರನೇ ಲಕೋಟೆ ಚಾಚಿದೆ.

"ನಿಮ್ಮದೂ ಎಫ್."

ಅವನ ಹಿಡಿತ ಸಡಿಲವಾಯಿತು...

ಹಾರಿ ಟೈಲರನ ಸೊಂಟ ತಬ್ಬಿದೆ! ಇಬ್ಬರೂ ತಾರಸಿಯ ಒಳಕ್ಕೆ ಉರುಳಿದೆವು.

ಇಂಜಿನಿಯರ್ ಗೋಡೆಗೊರಗಿ ಕುಸಿದು ಕೂತಿದ್ದ. ಟೈಲರ್ ಹರಿದ ಕಾಲರನ್ನು ಮುಟ್ಟಿ ನೋಡಿಕೊಂಡ. ಕೆಮ್ಮಿದ.

"ಸೋಮವಾರ ಬೆಳಿಗ್ಗೆ ಎಂಟಕ್ಕೇ ಕ್ಲಿನಿಕ್‌ಗೆ ಬಂದುಬಿಡಿ ಸಾರ್," ಎಂದ. "ಟೋಕನ್ ಬೇಗ ಮುಗಿಯುತ್ತೆ. ನಿಮಗೂ ಸಾಲಿನಲ್ಲಿ ಜಾಗ ಹಿಡಿದಿರ್ತೀನಿ."

ತಿಂಗಳಿಂದ ಹುಡುಕುತ್ತಿದ್ದ ಗಂಡಸು ಇಂಜಿನಿಯರನಿಗೆ ಕೊನೆಗೂ ಸಿಕ್ಕಿದ್ದ. ಕಾಲರ್ ಹಿಡಿಯಲು ಮಾತ್ರ ಕೈ ಏಳಲಿಲ್ಲ!